ಮನೆಯಲ್ಲೇ ಕಾಳಗದ ರೋಬೋಟ್: ಮೊದಲ ಸಲ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ರೋಬೋಟ್ ಸತ್ತಿದ್ದು ಎದುರಾಳಿಯ ಏಟಿಗಲ್ಲ. ಕಣಕ್ಕಿಳಿದು ಹತ್ತು ಸೆಕೆಂಡಿಗೆ ತಾನೇ ಹೋಗಿ ಗೋಡೆಗೆ ಗುದ್ದಿತು. ಒಳಗೆ ಬ್ಯಾಟರಿಯ ಕನೆಕ್ಟರ್ ಕಳಚಿತು. ಅಲ್ಲಿಗೆ ಆಟ ಮುಗಿಯಿತು. ಅದರ ತಿರುಗುವ ಆಯುಧಕ್ಕೆ ಮೂರು ತಿಂಗಳು ಸುರಿದಿದ್ದೆ. ಬ್ಯಾಟರಿ ಹಿಡಿದಿಡಲು ಮಾತ್ರ ಒಂದು ತುಂಡು ಟೇಪು ಅಂಟಿಸಿ ಕೈ ತೊಳೆದುಕೊಂಡಿದ್ದೆ.

ಹಾಗಾಗಿ ಇಲ್ಲಿ ನಾನು ಹೇಳುವ ಕ್ರಮ ಬೇರೆ. ಮೊದಲು ಓಡಬೇಕು. ಆಮೇಲೆ ಏಟು ತಿಂದೂ ಓಡಬೇಕು. ಆಯುಧ ಎಲ್ಲದಕ್ಕಿಂತ ಕೊನೆಗೆ.

ತೂಕದಿಂದ ಶುರು ಮಾಡಿ

ಕುಸ್ತಿಯ ಹಾಗೆ ಇಲ್ಲೂ ತೂಕದ ವರ್ಗಗಳಿವೆ. ಬ್ಯಾಟಲ್‌ಬಾಟ್ಸ್ ಟಿವಿ ಕಾರ್ಯಕ್ರಮದಲ್ಲಿ ಕಾಣುವ ದೈತ್ಯರು 250 ಪೌಂಡ್, ಅಂದರೆ ಸುಮಾರು 113 ಕೆಜಿ ತನಕ ತೂಗುತ್ತವೆ. ಮನೆಯ ಮೇಜಿನ ಮೇಲೆ ಅದು ಆಗುವ ಮಾತಲ್ಲ. ಚಿಕ್ಕ ವರ್ಗಗಳು 150 ಗ್ರಾಂನಿಂದಲೇ ಶುರುವಾಗುತ್ತವೆ. ನಾನು ಹೇಳುವುದು 3 ಪೌಂಡಿನ ಬೀಟಲ್‌ವೇಟ್: 1.36 ಕೆಜಿ. ಬ್ರಿಟನ್ನಿನಲ್ಲಿ ಇದೇ ವರ್ಗ 1.5 ಕೆಜಿ. ಭಾಗಗಳನ್ನು ಬೆರಳಲ್ಲಿ ಹಿಡಿಯುವಷ್ಟು ದೊಡ್ಡದು, ಒಂದು ಡ್ರಿಲ್ ಮತ್ತು ಗರಗಸದಲ್ಲಿ ಮುಗಿಸುವಷ್ಟು ಚಿಕ್ಕದು.

ಒಂದು ಸ್ಕ್ರೂ ಕೊಳ್ಳುವ ಮೊದಲೇ ನೀವು ಹೋಗಬೇಕೆಂದಿರುವ ಸ್ಪರ್ಧೆಯ ನಿಯಮಗಳನ್ನು ಪೂರ್ತಿ ಓದಿ. ಬಲೆ ಎಸೆಯುವುದು, ಬೆಂಕಿ, ದ್ರವ, ರೇಡಿಯೋ ಸಿಗ್ನಲ್ ಕೆಡಿಸುವುದು ಇವೆಲ್ಲ ಸಾಮಾನ್ಯವಾಗಿ ನಿಷೇಧ. ವಿದ್ಯುತ್ ಕಡಿಯುವ ಸ್ವಿಚ್ ಎಲ್ಲಿರಬೇಕು, ದೀಪ ಇರಬೇಕಾ ಅನ್ನುವುದೂ ಅದರಲ್ಲೇ ಇರುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ತೂಕದ ಲೆಕ್ಕ ಬರೆಯಿರಿ. ನನ್ನ ಈಗಿನ ರೋಬೋಟಿನ ಲೆಕ್ಕ ಹೀಗಿತ್ತು. ಎರಡು ಗೇರ್ ಮೋಟಾರ್ 190 ಗ್ರಾಂ. ಚಕ್ರಗಳು 60. ಮೋಟಾರ್ ನಿಯಂತ್ರಕಗಳು 30. ರಿಸೀವರ್, ವೈರು, ಕನೆಕ್ಟರ್ ಸೇರಿ 60. ಬ್ಯಾಟರಿ 100. ಚೌಕಟ್ಟು 400. ಮುಂದಿನ ಇಳಿಜಾರು ಮತ್ತು ಆಯುಧ 300. ಸ್ಕ್ರೂಗಳು 60. ಒಟ್ಟು 1200. ಉಳಿದ 160 ಗ್ರಾಂ ಯಾವುದಕ್ಕೂ ಅಲ್ಲ, ಸುಮ್ನೆ ಬಿಟ್ಟಿದ್ದು. ಅದು ಎಲ್ಲಿ ಹೋಯಿತು ಅಂತ ಕೊನೆಯ ವಾರ ಗೊತ್ತಾಗುತ್ತದೆ. ಸ್ಕ್ರೂಗಳ ತೂಕವನ್ನು ಮೊದಲ ಸಲ ಯಾರೂ ಬರೆಯುವುದಿಲ್ಲ. ತೂಕದ ಯಂತ್ರದ ಮೇಲಿಟ್ಟಾಗ 40 ಗ್ರಾಂ ಜಾಸ್ತಿ ಬಂದು, ರಾತ್ರಿಯೆಲ್ಲ ಚೌಕಟ್ಟಿಗೆ ತೂತು ಕೊರೆಯುತ್ತಾ ಕೂರುತ್ತಾರೆ.

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು. ಭಾಗ ಕೈಗೆ ಬಂದ ಕೂಡಲೇ ತೂಗಿ, ಹಾಳೆಯಲ್ಲಿ ತಿದ್ದಿ. ಮಾರುವವರು ಹೇಳುವ ತೂಕದಲ್ಲಿ ವೈರು ಸೇರಿರುವುದಿಲ್ಲ.

ರಟ್ಟಿನಲ್ಲಿ ಕಟ್ಟಿ ನೋಡಿ

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಬಂದರೆ ಒಳ್ಳೆಯದು. ಬರದಿದ್ದರೆ ರಟ್ಟು ಸಾಕು. ಮೋಟಾರ್, ಬ್ಯಾಟರಿಗಳ ಅಳತೆಗೆ ರಟ್ಟಿನ ಡಬ್ಬಿ ಮಾಡಿ, ಒಂದರ ಪಕ್ಕ ಒಂದಿಟ್ಟು ನೋಡಿ.

ಆಕಾರ ಸರಳವಾಗಿರಲಿ: ಎರಡು ಚಕ್ರ, ಚೌಕದ ಪೆಟ್ಟಿಗೆ, ಮುಂದೆ ನೆಲ ಸವರುವ ಇಳಿಜಾರು. ಚಕ್ರದ ವ್ಯಾಸ 60 ಮಿಲಿಮೀಟರ್ ಇದ್ದರೆ ಪೆಟ್ಟಿಗೆಯ ಎತ್ತರ 45ರ ಆಸುಪಾಸು ಇಡಿ. ಆಗ ಮೇಲೂ ಕೆಳಗೂ ಚಕ್ರ ಹೊರಗೆ ಚಾಚಿರುತ್ತದೆ. ಮಗುಚಿ ಬಿದ್ದರೂ ರೋಬೋಟ್ ಓಡುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಭಾರ ಎಲ್ಲಿ ಕೂರುತ್ತದೆ ಅನ್ನುವುದನ್ನೂ ಈಗಲೇ ನೋಡಿ. ಇಳಿಜಾರು ನೆಲದ ಮೇಲೆ ಉಜ್ಜುತ್ತಿರುತ್ತದೆ. ತೂಕವೆಲ್ಲ ಅದರ ಮೇಲೆ ಬಿದ್ದರೆ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ಬ್ಯಾಟರಿಯನ್ನು ಚಕ್ರದ ಅಚ್ಚಿನ ಹತ್ತಿರ ತನ್ನಿ.

ಓಡಿಸುವ ಭಾಗಗಳು

ಮೋಟಾರ್ ಆರಿಸುವಾಗ ಎರಡು ಲೆಕ್ಕ ಮಾಡಿದರೆ ಸಾಕು. ಮೊದಲನೆಯದು ವೇಗ. 60 ಮಿಲಿಮೀಟರ್ ಚಕ್ರದ ಸುತ್ತಳತೆ ಸುಮಾರು 188 ಮಿಲಿಮೀಟರ್. ಗೇರ್ ಮೋಟಾರಿನ ದಂಡ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಸೆಕೆಂಡಿಗೆ 3.1 ಮೀಟರ್ ಓಟ. ಈ ವರ್ಗದ ಕಣಗಳು ತೀರಾ ದೊಡ್ಡವಲ್ಲ, ಇಷ್ಟು ಸಾಕಷ್ಟಾಯಿತು. ಇನ್ನೂ ವೇಗ ಬೇಕು ಅನ್ನಿಸುತ್ತದೆ, ಗೊತ್ತು. ಮೊದಲು ಇದನ್ನು ನೆಟ್ಟಗೆ ಓಡಿಸಿ ತೋರಿಸಿ.

ಎರಡನೆಯದು ತಿರುಚುವ ಬಲ. ಎದುರಾಳಿಗೆ ಒತ್ತಿಕೊಂಡು ನಿಂತಾಗ ಮೋಟಾರ್ ನಿಲ್ಲಬಾರದು, ಚಕ್ರ ಜಾರಬೇಕು. ನಿಂತ ಮೋಟಾರ್ ಕಾದು ಸುಟ್ಟುಹೋಗುತ್ತದೆ, ಜಾರುವ ಚಕ್ರದಿಂದ ಏನೂ ಆಗುವುದಿಲ್ಲ. 1.36 ಕೆಜಿಯ ರೋಬೋಟಿಗೆ ಈ ಚಕ್ರ ಹಾಕಿದರೆ, ಒಳ್ಳೆಯ ಹಿಡಿತದ ನೆಲದಲ್ಲಿ ಚಕ್ರ ಜಾರಿಸಲು ಪ್ರತಿ ಮೋಟಾರಿಗೆ ಸುಮಾರು 2 ಕೆಜಿ-ಸೆಂಟಿಮೀಟರ್ (ದಂಡದ ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ 2 ಕೆಜಿ ಎತ್ತುವಷ್ಟು ಬಲ) ಬೇಕು. ಹಾಗಾಗಿ ನಿಲುಗಡೆಯ ಬಲ (ದಂಡ ತಿರುಗದೆ ನಿಂತಾಗಿನ ತಿರುಚುವ ಬಲ) 4ಕ್ಕಿಂತ ಜಾಸ್ತಿ ಇರುವ ಮೋಟಾರ್ ಹಿಡಿಯಿರಿ. 22 ಮಿಲಿಮೀಟರ್ ವ್ಯಾಸದ ಲೋಹದ ಗೇರ್ ಮೋಟಾರುಗಳು ಇದಕ್ಕೆ ಹೊಂದುತ್ತವೆ. ಪ್ಲಾಸ್ಟಿಕ್ ಗೇರಿನ ಹಳದಿ ಮೋಟಾರುಗಳು ಶಾಲೆಯ ಪ್ರಾಜೆಕ್ಟಿಗೆ ಸರಿ, ಇಲ್ಲಿ ಮೊದಲ ಏಟಿಗೇ ಹಲ್ಲು ಉದುರುತ್ತವೆ.

ಚಕ್ರಕ್ಕೆ ಮೆತ್ತನೆಯ ಫೋಮ್ ಅಥವಾ ರಬ್ಬರ್ ಇರಲಿ. ಏಟಿನ ಹೊಡೆತವನ್ನು ಗೇರಿಗೆ ಮುಟ್ಟುವ ಮೊದಲೇ ಚಕ್ರ ನುಂಗಿಕೊಳ್ಳುತ್ತದೆ.

ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ನಿಯಂತ್ರಕವೇ ಇಎಸ್‌ಸಿ. ಎರಡೂ ದಿಕ್ಕಿಗೆ ತಿರುಗಿಸುವಂಥದ್ದು, ಮೋಟಾರ್ ಪೂರ್ತಿ ನಿಂತಾಗ ಎಳೆಯುವ ಆಂಪಿಯರನ್ನು ತಡೆಯುವಂಥದ್ದು ಬೇಕು. ರೇಡಿಯೋ 2.4 ಗಿಗಾಹರ್ಟ್ಜ್‌ನದು, ಕನಿಷ್ಠ 4 ಚಾನೆಲ್. ಸಿಗ್ನಲ್ ಕಡಿದಾಗ ರೋಬೋಟ್ ತಾನಾಗಿ ನಿಲ್ಲುವ ಫೇಲ್‌ಸೇಫ್ ಇರಲೇಬೇಕು.

ಬ್ಯಾಟರಿ 3ಎಸ್ (ಸಾಲಾಗಿ ಜೋಡಿಸಿದ ಮೂರು ಸೆಲ್ಲಿನ) ಲಿಥಿಯಂ ಪಾಲಿಮರ್: ಹೆಸರಿಗೆ 11.1 ವೋಲ್ಟ್, ತುಂಬಿದಾಗ 12.6. ಪಂದ್ಯ ಸಾಮಾನ್ಯವಾಗಿ 3 ನಿಮಿಷ. ಸರಾಸರಿ 5 ಆಂಪಿಯರ್ ಎಳೆದರೆ 250 ಮಿಲಿಆಂಪಿಯರ್-ಗಂಟೆ ಖರ್ಚು. 850ರ ಬ್ಯಾಟರಿ ಧಾರಾಳವಾಯಿತು. ಅದರ ಮೇಲೆ 45ಸಿ ಎಂದಿದ್ದರೆ 0.85ನ್ನು 45ರಿಂದ ಗುಣಿಸಿ, 38 ಆಂಪಿಯರ್ ಕೊಡಬಲ್ಲದು ಎಂದರ್ಥ. ಚೀಟಿಯ ಮೇಲಿನ ಆ ಸಂಖ್ಯೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಈ ಬ್ಯಾಟರಿಯ ಜೊತೆ ಸಲುಗೆ ಬೇಡ. ಚುಚ್ಚಿದರೆ, ಹೆಚ್ಚು ತುಂಬಿಸಿದರೆ ಹೊತ್ತಿ ಉರಿಯುತ್ತದೆ. ರೋಬೋಟಿನಿಂದ ಹೊರಗೆ ತೆಗೆದೇ ಚಾರ್ಜ್ ಮಾಡಿ, ಬೆಂಕಿ ತಡೆಯುವ ಚೀಲದಲ್ಲಿಟ್ಟು, ಪಕ್ಕದಲ್ಲಿ ನೀವಿದ್ದಾಗ ಮಾತ್ರ. ಸೆಲ್‌ಗಳನ್ನು ಸಮ ಮಾಡುವ ಚಾರ್ಜರ್ ಬಳಸಿ, 850ರ ಬ್ಯಾಟರಿಗೆ 0.85 ಆಂಪಿಯರಿನಲ್ಲಿ. ಉಬ್ಬಿದ್ದನ್ನು ಮತ್ತೆ ಬಳಸಬೇಡಿ, ಮನೆಯ ಕಸಕ್ಕೂ ಹಾಕಬೇಡಿ.

ಚೌಕಟ್ಟು

ಅಲ್ಯೂಮಿನಿಯಂ ನೋಡಲು ಚೆಂದ. ಆದರೆ ತೆಳು ತಗಡು ಬಗ್ಗಿದರೆ ಬಗ್ಗಿದ್ದೇ, ಚಕ್ರಕ್ಕೆ ತಾಗಿ ಓಟ ನಿಲ್ಲಿಸುತ್ತದೆ. ನನ್ನ ಆಯ್ಕೆ ಎಚ್‌ಡಿಪಿಇ ಪ್ಲಾಸ್ಟಿಕ್. ತರಕಾರಿ ಹೆಚ್ಚುವ ದಪ್ಪ ಬಿಳಿ ಹಲಗೆಗಳಲ್ಲಿ ಎಷ್ಟೋ ಅದೇ. ಏಟು ಬಿದ್ದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ, ಆಯುಧ ತಾಗಿದರೆ ಗೀರು ಬೀಳುತ್ತದೆ, ಒಡೆಯುವುದು ಅಪರೂಪ. ಇದರ ಅಣ್ಣ ಯುಎಚ್‌ಎಂಡಬ್ಲ್ಯು ಇನ್ನೂ ಗಟ್ಟಿ. 3ಡಿ ಪ್ರಿಂಟರ್ ಇದ್ದವರು ರಬ್ಬರಿನಂತೆ ಬಗ್ಗುವ ಟಿಪಿಯು ಪ್ಲಾಸ್ಟಿಕ್ ಬಳಸಬಹುದು. ಪಿಎಲ್‌ಎ ಮಾತ್ರ ಬೇಡ, ಗಾಜಿನಂತೆ ಸಿಡಿಯುತ್ತದೆ.

ಪಕ್ಕದ ಗೋಡೆಗಳಿಗೆ 12 ಮಿಲಿಮೀಟರ್ ದಪ್ಪ. ಮೇಲೆ ಕೆಳಗೆ ಮುಚ್ಚಲು 3 ಮಿಲಿಮೀಟರ್ ಸಾಕು. ಕೊಯ್ಯುವಾಗ ದೊಡ್ಡ ಹಲ್ಲಿನ ಬ್ಲೇಡು ಹಾಕಿ, ಜಿಗ್‌ಸಾ ನಿಧಾನ ವೇಗದಲ್ಲಿ ಓಡಿಸಿ. ಅವಸರ ಮಾಡಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಅಂಟಿಕೊಳ್ಳುತ್ತದೆ. ಕ್ಲಾಂಪಿನಲ್ಲಿ ಬಿಗಿಯಿರಿ, ಕನ್ನಡಕ ಹಾಕಿ. ಎಡ ಬಲದ ಗೋಡೆಗಳನ್ನು ಜೋಡಿಸಿ ಹಿಡಿದು ಒಟ್ಟಿಗೆ ತೂತು ಕೊರೆದರೆ ಅಚ್ಚು ವಾರೆಯಾಗುವುದಿಲ್ಲ.

ಈ ಪ್ಲಾಸ್ಟಿಕ್ಕಿಗೆ ಗೋಂದು ಹಿಡಿಯುವುದಿಲ್ಲ, ಎಲ್ಲ ಸ್ಕ್ರೂ ಕೆಲಸವೇ. ಮೂಲೆಗಳಲ್ಲಿ 4 ಮಿಲಿಮೀಟರ್ ಸ್ಕ್ರೂ ಕನಿಷ್ಠ 15 ಮಿಲಿಮೀಟರ್ ಒಳಗಿಳಿಯಲಿ. ಪದೇ ಪದೇ ಬಿಚ್ಚುವ ಕಡೆ ಆರಪಾರ ಬೋಲ್ಟು ಹಾಕಿ, ನೈಲಾನ್ ಇರುವ ನಟ್ಟಿನಿಂದ ಬಿಗಿಯಿರಿ.

ಮೋಟಾರ್ ಕೂರಿಸುವಾಗ ಒಂದು ಬಲೆ ಇದೆ. ಅದರ ಮುಖಕ್ಕೆ ಹಾಕುವ ಸ್ಕ್ರೂ ಒಂದೆರಡು ಮಿಲಿಮೀಟರ್ ಉದ್ದವಾದರೂ ಒಳಗಿನ ಗೇರಿಗೆ ತಾಗುತ್ತದೆ. ಮೋಟಾರ್ ಜಾಮ್ ಆಗುತ್ತದೆ. ನೀವು ಇಎಸ್‌ಸಿಯನ್ನು ಬೈಯುತ್ತಾ ಒಂದು ಭಾನುವಾರ ಕಳೆಯುತ್ತೀರಿ. ಮೋಟಾರಿನ ಹಿಂಭಾಗಕ್ಕೂ ಒಂದು ಪಟ್ಟಿ ಆಸರೆ ಕೊಡಿ, ಮುಂದಿನ ಎರಡು ಸ್ಕ್ರೂಗಳಿಗೇ ಎಲ್ಲ ಭಾರ ಹೊರಿಸಬೇಡಿ.

ವೈರಿಂಗ್

ಸೋತ ರೋಬೋಟ್‌ಗಳನ್ನು ಬಿಚ್ಚಿ ನೋಡಿದರೆ ಬಹಳ ಸಲ ಕಾಣುವುದು ಒಂದು ಕಿತ್ತುಬಂದ ವೈರು. ಅದಕ್ಕೇ ಇಲ್ಲಿ ತಾಳ್ಮೆ ಬೇಕು.

ದಾರಿ ಹೀಗೆ: ಬ್ಯಾಟರಿ, ಕನೆಕ್ಟರ್, ಹೊರಗಿನಿಂದ ಕೈಗೆ ಸಿಗುವ ಕಡಿತದ ಸ್ವಿಚ್, ಅಲ್ಲಿಂದ ಎರಡಾಗಿ ಕವಲೊಡೆದು ಎರಡು ಇಎಸ್‌ಸಿಗಳಿಗೆ. ಸ್ವಿಚ್ಚಿನ ಬದಲು ಎಕ್ಸ್‌ಟಿ ಜಾತಿಯ ಕನೆಕ್ಟರನ್ನು ಪಾಸಿಟಿವ್ ವೈರಿನ ನಡುವೆ ಹಾಕಿ, ಎಳೆದು ತೆಗೆಯುವ ಲಿಂಕ್ ಮಾಡಿಕೊಳ್ಳಬಹುದು. ಅದಕ್ಕೆ ಕಾಸಿನ ಖರ್ಚು, ಆನ್ ಇದೆಯೋ ಇಲ್ಲವೋ ಅನ್ನುವ ಅನುಮಾನವೂ ಇಲ್ಲ. ಪಕ್ಕದಲ್ಲೊಂದು ಎಲ್‌ಇಡಿ ಕೂರಿಸಿ.

ಸಿಲಿಕೋನ್ ಹೊದಿಕೆಯ, ನೂರಾರು ಎಳೆಯ ಮೆತ್ತನೆಯ ವೈರು ತನ್ನಿ. ಗಟ್ಟಿ ಒಂಟಿ ಎಳೆಯದು ಅಲುಗಾಟಕ್ಕೆ ಮುರಿಯುತ್ತದೆ. ಬೆಸುಗೆ ಹಾಕುವ ಮೊದಲು ಎರಡೂ ತುದಿಗೆ ಸೀಸ ಹಿಡಿಸಿ, ಆಮೇಲೆ ಸೇರಿಸಿ. ಅದಕ್ಕೂ ಮೊದಲು ಶಾಖಕ್ಕೆ ಕುಗ್ಗುವ ಕೊಳವೆಯನ್ನು ವೈರಿಗೆ ತೂರಿಸಿ. ಹತ್ತು ವರ್ಷದ ಅನುಭವಿಗೂ ಇದು ಬೆಸುಗೆ ಮುಗಿದ ಮೇಲೇ ನೆನಪಾಗುವುದು.

ಸಾಮಾನ್ಯವಾಗಿ ಇಎಸ್‌ಸಿಗಳು ರಿಸೀವರಿಗೆ 5 ವೋಲ್ಟ್ ಕೊಡುತ್ತವೆ. ಎರಡು ಇಎಸ್‌ಸಿ ಇದ್ದರೆ ಒಂದರ ಸಣ್ಣ ಕೆಂಪು ವೈರನ್ನು ಪ್ಲಗ್ಗಿನಿಂದ ತೆಗೆದು ಟೇಪು ಸುತ್ತಿ. ಇಬ್ಬರೂ ಒಟ್ಟಿಗೆ ಊಡಿಸುವುದು ಬೇಡ.

ಈಗ ಎಲ್ಲವನ್ನೂ ಹಿಡಿದಿಡಬೇಕು. ಬ್ಯಾಟರಿಗೆ ಸುತ್ತಲೂ ಫೋಮ್, ಮೇಲೊಂದು ಪಟ್ಟಿ. ಹತ್ತಿರದಲ್ಲಿ ಒಂದು ಸ್ಕ್ರೂವಿನ ಮೊನೆಯೂ ಚಾಚಿರಬಾರದು. ಇಎಸ್‌ಸಿ, ರಿಸೀವರ್ ಕೂಡ ಫೋಮಿನಲ್ಲೇ ಇರಲಿ. ಪ್ರತಿ ಕನೆಕ್ಟರಿಗೂ ಒಂದು ಜಿಪ್ ಟೈ. ವೈರುಗಳು ಚಕ್ರದ ಕಡೆ ಜಾರದಂತೆ ಚೌಕಟ್ಟಿಗೆ ಕಟ್ಟಿ, ಆದರೆ ಸ್ವಲ್ಪ ಸಡಿಲ ಬಿಡಿ. ಚೌಕಟ್ಟು ಏಟಿಗೆ ಬಗ್ಗಿದಾಗ ವೈರಿಗೂ ಹಿಗ್ಗಲು ಜಾಗ ಬೇಕಲ್ವಾ?

ಮೊದಲ ಓಟ

ರೋಬೋಟನ್ನು ಒಂದು ಮರದ ತುಂಡಿನ ಮೇಲಿಡಿ, ಚಕ್ರ ಗಾಳಿಯಲ್ಲಿರಲಿ. ಮೊದಲು ರಿಮೋಟ್ ಆನ್, ಆಮೇಲೆ ರೋಬೋಟ್. ಆಫ್ ಮಾಡುವಾಗ ಮೊದಲು ರೋಬೋಟ್. ಈ ಕ್ರಮ ಕೈಗೆ ಅಭ್ಯಾಸವಾಗಿಬಿಡಲಿ.

ರಿಮೋಟಿನಲ್ಲಿ ಮಿಕ್ಸಿಂಗ್ ಹಾಕಿದರೆ ಒಂದೇ ಕಡ್ಡಿಯಲ್ಲಿ ಮುಂದೆ ಹಿಂದೆ, ಎಡ ಬಲ ಎಲ್ಲ ಬರುತ್ತದೆ. ಒಂದು ಚಕ್ರ ಉಲ್ಟಾ ತಿರುಗಿದರೆ ಆ ಮೋಟಾರಿನ ಎರಡು ವೈರುಗಳನ್ನು ಅದಲುಬದಲು ಮಾಡಿ. ಆಮೇಲೆ ಮುಖ್ಯ ಪರೀಕ್ಷೆ: ಚಕ್ರ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡಿ. ಕೂಡಲೇ ಎಲ್ಲ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಸರಿಪಡಿಸುವ ತನಕ ನೆಲಕ್ಕಿಳಿಸಬೇಡಿ.

ಇಳಿಸಿದ ಮೇಲೆ ಗೋಡೆಗೆ ಒತ್ತಿ ನೋಡಿ. ಚಕ್ರ ಜಾರುತ್ತಿದೆಯಾ? ಸರಿ. ಐದು ನಿಮಿಷ ಓಡಿಸಿ ಮೋಟಾರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಕಾದಿದ್ದರೆ ಗೇರು ಬದಲಿಸಬೇಕು ಅಥವಾ ಚಕ್ರ ಚಿಕ್ಕದಾಗಬೇಕು.

ಆಯುಧ: ಎತ್ತುವ ತೋಳು

ಮೊದಲ ರೋಬೋಟಿಗೆ ತಿರುಗುವ ಆಯುಧ ಬೇಡ ಅನ್ನುತ್ತೇನೆ. ಇಳಿಜಾರು ಮತ್ತು ಎತ್ತುವ ತೋಳು ಸಾಕು. ಇದು ಹೇಡಿತನವೇನಲ್ಲ. ಕಾರ್ಲೋ ಬರ್ಟೊಕಿನಿ ಕಟ್ಟಿದ ಬಯೋಹಜಾರ್ಡ್ ನೆಲಕ್ಕಂಟಿದ ಚಪ್ಪಟೆ ರೋಬೋಟ್, ಆಯುಧ ಒಂದು ಎತ್ತುವ ತೋಳು ಮಾತ್ರ. ಅದು ಬ್ಯಾಟಲ್‌ಬಾಟ್ಸ್‌ನ ಹೆವಿವೇಟ್ ಪಟ್ಟವನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದಿತು.

ಲೆಕ್ಕ ಸುಲಭ. ಎದುರಾಳಿಯನ್ನು ಮಗುಚಲು ಅವನ ಅರ್ಧ ತೂಕ ಎತ್ತಿದರೆ ಸಾಕು: ಸುಮಾರು 0.7 ಕೆಜಿ. ತೋಳು 10 ಸೆಂಟಿಮೀಟರ್ ಇದ್ದರೆ 7 ಕೆಜಿ-ಸೆಂಟಿಮೀಟರ್ ಬೇಕು. 20ರ ಲೋಹದ ಗೇರಿನ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಹಾಕಿ, ಏಕೆಂದರೆ ಎತ್ತುವಾಗ ಎದುರಾಳಿ ಸುಮ್ಮನೆ ನಿಂತಿರುವುದಿಲ್ಲ. ತೋಳನ್ನು ನೇರವಾಗಿ ಸರ್ವೋದ ತಲೆಗೆ ಸಿಕ್ಕಿಸಬೇಡಿ. ತೋಳಿಗೆ ಅದರದೇ ಉಕ್ಕಿನ ಅಚ್ಚು ಇರಲಿ, ಸರ್ವೋ ಒಂದು ಸಣ್ಣ ಕಡ್ಡಿಯ ಮೂಲಕ ತಳ್ಳಲಿ. ಏಟು ಬಿದ್ದಾಗ ಅಚ್ಚು ತಡೆದುಕೊಳ್ಳುತ್ತದೆ.

ಸರ್ವೋಗೆ ವಿದ್ಯುತ್ ಎಲ್ಲಿಂದ? ಇಎಸ್‌ಸಿಯ 5 ವೋಲ್ಟ್‌ನಿಂದ ಎಳೆದರೆ, ತೋಳು ಸಿಕ್ಕಿಕೊಂಡ ಕ್ಷಣ ವೋಲ್ಟೇಜ್ ಕುಸಿದು ರಿಸೀವರೇ ಆರಿಹೋಗುತ್ತದೆ. ರೋಬೋಟ್ ಒಂದೆರಡು ಸೆಕೆಂಡು ಕಲ್ಲಿನ ಹಾಗೆ ನಿಂತುಬಿಡುತ್ತದೆ. ನೋಡುವವರಿಗೆ ರೇಡಿಯೋ ಕೆಟ್ಟಂತೆ ಕಾಣುತ್ತದೆ, ನಾನೂ ಹಾಗೇ ತಿಳಿದು ಹೊಸ ರಿಸೀವರ್ ಕೊಂಡಿದ್ದೆ. ಸರ್ವೋಗೆಂದೇ 6 ವೋಲ್ಟ್, 5 ಆಂಪಿಯರಿನ ಬೇರೆ ರೆಗ್ಯುಲೇಟರ್ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಹಾಕಿ.

ಮುಂದಿನ ಇಳಿಜಾರಿಗೆ ಸ್ಪ್ರಿಂಗ್ ಸ್ಟೀಲ್ ಅಥವಾ ಟೈಟಾನಿಯಂ ತಗಡು ಒಳ್ಳೆಯದು. ಕೀಲಿನಲ್ಲಿ ತೂಗಿಬಿಡಿ, ಆಗ ಅಂಚು ಸದಾ ನೆಲ ಮುಟ್ಟಿರುತ್ತದೆ. ಅಂಚನ್ನು ಅರದಿಂದ ತೆಳುವಾಗಿ ಉಜ್ಜಿ. ಕಾಗದದ ಚೂರು ಅದರಡಿ ತೂರಬಾರದು.

ತಿರುಗುವ ಆಯುಧದ ಆಸೆ ಬಿಡದವರಿಗೆ

ಎರಡನೆಯ ರೋಬೋಟಿಗೆ ಎಂದೇ ಇಟ್ಟುಕೊಂಡು ಓದಿ. 20 ಸೆಂಟಿಮೀಟರ್ ಉದ್ದ, 25 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಸುಮಾರು 235 ಗ್ರಾಂ ತೂಗುತ್ತದೆ. ನಿಮಿಷಕ್ಕೆ 8000 ಸುತ್ತಿನಲ್ಲಿ ಅದರ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್. ಒಳಗೆ ಸುಮಾರು 275 ಜೂಲ್ ಶಕ್ತಿ. ಇಡೀ ರೋಬೋಟನ್ನು 20 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಷ್ಟು ಅದು. ಆ ಶಕ್ತಿ ನಿಮ್ಮ ಮೇಜಿನ ಮೇಲೆ, ಮುಖದಿಂದ ಎರಡು ಅಡಿ ದೂರದಲ್ಲಿ ಇರುತ್ತದೆ.

90ರ ದಶಕದ ನಡುವೆ ಜೇಮಿ ಹೈನೆಮನ್ ಕಟ್ಟಿದ ಬ್ಲೆಂಡೋ ಎಂಬ ರೋಬೋಟ್ ನೆನಪಾಗುತ್ತದೆ. ಅದರ ತಿರುಗುವ ಮೈ ಒಂದು ದೊಡ್ಡ ಬಾಣಲೆಯದು, ತಿರುಗಿಸಲು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಎದುರಾಳಿಯ ಚೂರುಗಳು ಕಣದ ಗೋಡೆ ದಾಟಿ ಹಾರತೊಡಗಿದಾಗ ಸಂಘಟಕರೇ ಅದನ್ನು ಸಾಕು ಅಂತ ನಿಲ್ಲಿಸಿದರು. ಈಗ ಹಲವು ನಿಯಮಾವಳಿಗಳಲ್ಲಿ ತುದಿಯ ವೇಗಕ್ಕೆ ಮಿತಿಯಿದೆ. ಸ್ವಿಚ್ ಬಿಟ್ಟ ಮೇಲೆ ಇಷ್ಟು ಸೆಕೆಂಡಿನೊಳಗೆ ನಿಲ್ಲಬೇಕು ಎಂಬ ಷರತ್ತೂ ಇದೆ.

ವೇಗ ಹೆಚ್ಚಿದಷ್ಟೂ ಏಟು ಜೋರು ಅನ್ನುವುದೂ ಪೂರ್ತಿ ನಿಜವಲ್ಲ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗುತ್ತಿದ್ದೀರಿ, ಎರಡು ಹಲ್ಲಿನ ಆಯುಧ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದೆ ಅನ್ನಿ. ಒಂದು ಹಲ್ಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ನೀವು ಮುಂದೆ ಸಾಗುವುದು 9 ಮಿಲಿಮೀಟರ್ ಮಾತ್ರ. ಹಲ್ಲು ಕಚ್ಚುವ ಆಳ ಅದಕ್ಕಿಂತ ಜಾಸ್ತಿ ಆಗಲಾರದು. ಒಂದೇ ಹಲ್ಲಿದ್ದರೆ 18. ಬರೀ ಕೆರೆಯುವ ಆಯುಧಗಳ ಕಥೆ ಬಹಳ ಸಲ ಇದೇ.

ಆಯುಧದ ಅಚ್ಚಿಗೆ ಎರಡೂ ಬದಿ ಆಸರೆ ಬೇಕು. ಬೆಲ್ಟ್ ಇದ್ದರೆ ಏಟಿನಲ್ಲಿ ಅದು ಜಾರಿ ಮೋಟಾರ್ ಉಳಿಸುತ್ತದೆ. ಮೆದು ಕಬ್ಬಿಣ ಬಗ್ಗುತ್ತದೆ, ತೀರಾ ಗಡಸಾದರೆ ಸಿಡಿಯುತ್ತದೆ. ಹಾಗಾಗಿ ಎಆರ್500ನಂಥ ಸವೆತ ತಡೆಯುವ ಉಕ್ಕನ್ನು ನೀರಿನ ಧಾರೆಯಿಂದ ಕೊಯ್ಯುವ ವಾಟರ್‌ಜೆಟ್‌ನಲ್ಲಿ ಕೊಯ್ಯಿಸಿ. ಮನೆಯ ಡ್ರಿಲ್ಲಿನ ಮೊನೆ ಅದರ ಮುಂದೆ ಸೋಲುತ್ತದೆ.

ಮೇಜಿನ ಮೇಲಿರುವಾಗ ಆಯುಧಕ್ಕೆ ಅಡ್ಡಗೂಟ ಸದಾ ಇರಲಿ. ತೆರೆದ ಜಾಗದಲ್ಲಿ ಒಮ್ಮೆಯೂ ತಿರುಗಿಸಬೇಡಿ. ಪೂರ್ತಿ ಮುಚ್ಚಿದ ಪಾಲಿಕಾರ್ಬೊನೇಟ್ ಪೆಟ್ಟಿಗೆ ಇಲ್ಲದಿದ್ದರೆ ಸ್ಪರ್ಧೆಯ ಪರೀಕ್ಷಾ ಪೆಟ್ಟಿಗೆ ಸಿಗುವ ತನಕ ಕಾಯಿರಿ. ಅಕ್ರಿಲಿಕ್ ನೋಡಲು ಅದೇ ಥರ ಇರುತ್ತದೆ, ಏಟಿಗೆ ಚೂಪು ಚೂರಾಗಿ ಒಡೆಯುತ್ತದೆ.

ನೀವೇ ಮೊದಲು ಒಡೆಯಿರಿ

ಬ್ಯಾಟರಿ ಹೊರಗಿಟ್ಟು, ಅದೇ ತೂಕದ ಮರದ ತುಂಡು ಒಳಗಿಟ್ಟು, ರೋಬೋಟನ್ನು ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ಬಿಡಿ. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ. ಗಲಗಲ ಅಂದರೆ ಏನೋ ಕಳಚಿದೆ. ಸರಿಪಡಿಸಿ ಮತ್ತೆ ಬಿಡಿ, ಪ್ರತಿ ಬದಿಯಿಂದಲೂ. ಆಮೇಲೆ ಬ್ಯಾಟರಿ ಹಾಕಿ ಓಡಿಸಿ.

ಓಡಿಸುವ ಅಭ್ಯಾಸಕ್ಕೆ ಕನಿಷ್ಠ ಹತ್ತು ಚಾರ್ಜ್ ಮೀಸಲಿಡಿ. ನೆಲದ ಮೇಲೆ ಎರಡು ಡಬ್ಬಿಯಿಟ್ಟು ಎಂಟರ ಆಕಾರದಲ್ಲಿ ಸುತ್ತಿ. ರೋಬೋಟ್ ನಿಮ್ಮ ಕಡೆ ಬರುವಾಗ ಎಡ ಬಲ ಉಲ್ಟಾ ಆಗುತ್ತದೆ, ಎಲ್ಲರೂ ತಡವರಿಸುವುದು ಅಲ್ಲೇ. ಮಗುಚಿ ಹಾಕಿಯೂ ಓಡಿಸಿ. ತಿರುವು ತೀರಾ ಚುರುಕಾಗಿದ್ದರೆ ರಿಮೋಟಿನಲ್ಲಿ, ಕಡ್ಡಿಯ ಸಣ್ಣ ಚಲನೆಗೆ ರೋಬೋಟ್ ಮೆತ್ತಗೆ ಸ್ಪಂದಿಸುವಂತೆ ಮಾಡುವ ಎಕ್ಸ್‌ಪೋ ಹೆಚ್ಚಿಸಿ.

ಸ್ಪರ್ಧೆಗೆ ಒಯ್ಯುವ ಪೆಟ್ಟಿಗೆಯಲ್ಲಿ ಒಂದು ಮೋಟಾರ್, ಎರಡು ಚಕ್ರ, ಒಂದು ಇಎಸ್‌ಸಿ, ಕನಿಷ್ಠ ಮೂರು ಬ್ಯಾಟರಿ, ಎಲ್ಲ ಅಳತೆಯ ಸ್ಕ್ರೂ, ಬೆಸುಗೆಯ ಸಾಮಾನು ಇರಲಿ. ಪಂದ್ಯಗಳ ನಡುವೆ ಅರ್ಧ ಗಂಟೆಯೂ ಸಿಗದೇ ಇರಬಹುದು. ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ಒಂದು ಮೋಟಾರ್ ಬದಲಿಸಿ ನೋಡಿ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅಡ್ಡ ಬರುವ ಸ್ಕ್ರೂ ಯಾವುದು ಅಂತ ಹುಡುಕಿ, ಅದರ ಜಾಗ ಬದಲಿಸಿ.

ಪಂದ್ಯ ಮುಗಿದ ಕೂಡಲೇ ಮೊದಲು ಲಿಂಕ್ ಎಳೆಯಿರಿ, ಆಮೇಲೆ ಕೈಕುಲುಕಿ. ಮನೆಗೆ ಬಂದ ರಾತ್ರಿಯೇ ಬ್ಯಾಟರಿಗಳನ್ನು ಒಂದೊಂದಾಗಿ ನೋಡಿ. ಚುಚ್ಚಿದ್ದು, ಉಬ್ಬಿದ್ದು ಕಂಡರೆ ಮನೆಯಿಂದ ಹೊರಗೆ, ಹೊತ್ತಿಕೊಳ್ಳುವಂಥದ್ದೇನೂ ಇಲ್ಲದ ಜಾಗದಲ್ಲಿಡಿ. ಸರಿಯಿರುವುದನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ.